ಹರಿದುದನ್ನು ನೇಯುವ ಕಾಯಕ



ಹರಿದ ಬಟ್ಟೆಯನ್ನು ಸರಿಪಡಿಸುವ ಕೆಲಸಕ್ಕೆ ನಮ್ಮ ಜನ ಎರಡು ಮಾತುಗಳನ್ನು ಬಳಸುತ್ತಾರೆ. ಒಂದು ತೇಪೆ, ಇನ್ನೊಂದು ರಫು. ತೇಪೆಯೆಂದರೆ ಹರಿದೆಡೆಯ ಮೇಲೆ ಬೇರೊಂದು ತುಂಡನ್ನಿಟ್ಟು ಹೊಲಿಯುವುದು. ರಫು ಮಾಡುವವನಾದರೋ ಆ ಬಟ್ಟೆಯ ಅಂಚಿನಿಂದಲೇ ಎಳೆಗಳನ್ನು ತೆಗೆಯುತ್ತಾನೆ. ಹರಕಿನ ಆಚೆಗೆ, ಬಟ್ಟೆ ಗಟ್ಟಿಯಾಗಿರುವ ಕಡೆ ಸೂಜಿ ಹಾಕುತ್ತಾನೆ. ಮೊದಲು ಹಾಸಿನ ಎಳೆಗಳನ್ನು ತುಂಬಿ, ಆಮೇಲೆ ಹೊಕ್ಕಿನ ಎಳೆಯನ್ನು ಒಂದರ ಮೇಲೆ, ಒಂದರ ಕೆಳಗೆ ಹಾಯಿಸುತ್ತಾನೆ. ಬಿಗಿಯಾಗಿ ಎಳೆದರೆ ಬಟ್ಟೆ ಸುಕ್ಕಾಗುತ್ತದೆ, ಸಡಿಲ ಬಿಟ್ಟರೆ ತೂತು ಉಳಿಯುತ್ತದೆ. ಆದುದರಿಂದ ರಫು ಎಂಬುದು ಸೂಜಿಯಿಂದ ಮಾಡುವ ನೇಯ್ಗೆಯೇ ಸರಿ.

ಈ ಶಬ್ದ ಪಾರಸಿ, ಹಿಂದೂಸ್ತಾನಿಗಳ ದಾರಿಯಾಗಿ ನಮ್ಮಲ್ಲಿಗೆ ಬಂದಿದೆ, ಮೂಲ ಅರಬ್ಬಿ. ಅಲ್ಲಿ ಅದೇ ಧಾತುವಿನಿಂದ ಹುಟ್ಟಿದ ಇನ್ನೊಂದು ಪದಕ್ಕೆ ಸಾಮರಸ್ಯವೆಂಬ ಅರ್ಥವುಂಟು. ಪೂರ್ವದಲ್ಲಿ ಅರಬ್ಬರು ನವದಂಪತಿಗಳನ್ನು ಹರಸುವಾಗ ಆ ಪದವನ್ನು ಆಡುತ್ತಿದ್ದರಂತೆ.

ಸಂಸ್ಕೃತದಲ್ಲಿಯೂ ಇಂಥದೇ ಒಂದು ಶಬ್ದವಿದೆ. ಅಮರಕೋಶದ ಶೂದ್ರವರ್ಗದಲ್ಲಿ ನೇಕಾರನನ್ನು ತಂತುವಾಯನೆಂದೂ, ಸೂಜಿಯಿಂದ ಜೀವಿಸುವ ಸೌಚಿಕನನ್ನು ತುನ್ನವಾಯನೆಂದೂ ಹೇಳಿದೆ. ತುನ್ನವೆಂದರೆ ಪೆಟ್ಟು ತಿಂದದ್ದು, ಛಿದ್ರವಾದದ್ದು. ವಾಯನೆಂದರೆ ನೇಯುವವನು. ತಂತುವಾಯನು ನೂಲನ್ನು ನೇಯುತ್ತಾನೆ. ತುನ್ನವಾಯನು ಛಿದ್ರವಾದದ್ದನ್ನು ನೇಯುತ್ತಾನೆ. ಎಷ್ಟು ಸುಂದರವಾದ ಹೆಸರು! ಆದರೆ ಹೆಸರು ಕೊಟ್ಟ ಸಮಾಜ ಮರ್ಯಾದೆಯನ್ನು ಕೊಡಲಿಲ್ಲ. ಮನುಸ್ಮೃತಿಯ ನಾಲ್ಕನೆಯ ಅಧ್ಯಾಯದಲ್ಲಿ ಯಾರ ಅನ್ನವನ್ನು ಉಣ್ಣಬಾರದೆಂದು ಪಟ್ಟಿ ಮಾಡುವಾಗ, ನಟ ಮತ್ತು ಕೃತಘ್ನರ ಜೊತೆಯಲ್ಲಿ ಈ ತುನ್ನವಾಯನನ್ನೂ ಕೂಡಿಸಿದ್ದಾರೆ. ಪರರ ಮಾನ ಮುಚ್ಚುವ ಬಟ್ಟೆಯನ್ನು ಉಳಿಸಿಕೊಡುವವನ ಅನ್ನ ನಿಷಿದ್ಧವಾಯಿತು!

ಆ ನಿಷೇಧವನ್ನು ಕಿತ್ತೆಸೆದವರು ನಮ್ಮ ಶರಣರು. ನೇಯ್ಗೆಯ ಜೇಡರ ದಾಸಿಮಯ್ಯನವರನ್ನು ಆದ್ಯ ವಚನಕಾರರೆಂದು ಗೌರವಿಸಿದರು. ನೂಲು ತೆಗೆಯುವ ಕದಿರ ರೆಮ್ಮವ್ವೆ ವಚನಕಾರ್ತಿಯಾದಳು. ಸೂಜಿಕಾಯಕದ ರಾಮಿತಂದೆ ತನ್ನ ಕಾಯಕವನ್ನು ಹೆಸರಿನ ಮುಂದೆಯೇ ಇಟ್ಟುಕೊಂಡು ಶರಣರ ಸಾಲಿನಲ್ಲಿ ನಿಂತನು. ನೂಲು, ಮಗ್ಗ, ಸೂಜಿ ಮೂರೂ ಪೂಜೆಯ ಉಪಕರಣಗಳಾದವು.

ಹೀಗೆ ನೇಯ್ದ ವಸ್ತ್ರವು 1167ರ ಸುಮಾರಿಗೆ ಕಲ್ಯಾಣದಲ್ಲಿ ಹರಿಯಿತು. ಹರಳಯ್ಯ, ಮಧುವಯ್ಯರ ಮಕ್ಕಳ ಮದುವೆಯನ್ನು ಲೋಕ ಸಹಿಸಲಿಲ್ಲ. ಶರಣರು ಚದುರಿದರು, ಚೆನ್ನಬಸವಣ್ಣನವರು ಉಳವಿಯತ್ತ ನಡೆದರು, ವಚನಗಳು ದಿಕ್ಕಾಪಾಲಾದವು. ಸುಮಾರು ಮುನ್ನೂರು ವರ್ಷಗಳಾಗುವಷ್ಟರಲ್ಲಿ, 15ನೆಯ ಶತಮಾನದಲ್ಲಿ, ಶಿವಗಣಪ್ರಸಾದಿ ಮಹಾದೇವಯ್ಯನವರು ಶೂನ್ಯಸಂಪಾದನೆಯನ್ನು ಕಟ್ಟಿದರು. ಅವರ ವಿಧಾನವನ್ನು ಗಮನಿಸಿರಿ. ಪ್ರಭುದೇವರ ಮಾತಿಗೆ ಬಸವಣ್ಣನವರ ಮಾತು, ಅದಕ್ಕೆ ಅಕ್ಕನ ಮಾತು, ಹೀಗೆ ಶರಣರ ವಚನಗಳನ್ನೇ ಸಂವಾದವಾಗಿ ಹೊಂದಿಸಿ, ನಡುನಡುವೆ ತಮ್ಮ ಗದ್ಯದ ಸಣ್ಣ ಎಳೆಯನ್ನು ಮಾತ್ರ ಹಾಯಿಸಿದರು. ಆ ಬಟ್ಟೆಯ ನೂಲಿನಿಂದಲೇ ಆ ಬಟ್ಟೆಯನ್ನು ನೇಯ್ದರು. ಅವರ ತರುವಾಯ ಹಲಗೆಯಾರ್ಯರು, ಗುಮ್ಮಳಾಪುರದ ಸಿದ್ಧಲಿಂಗಯತಿಗಳು, ಗೂಳೂರು ಸಿದ್ಧವೀರಣ್ಣೊಡೆಯರು ಅದನ್ನು ಮತ್ತೆ ಮತ್ತೆ ಪರಿಷ್ಕರಿಸಿದರು.

ಈ ಕಥೆಯ ಒಂದೆಳೆ ನಿಮ್ಮ ಮಂಗಳೂರಿಗೂ ಬಂದಿತ್ತು. ಇಲ್ಲಿಯ ಬಾಸೆಲ್ ಮಿಷನ್ ಮುದ್ರಣಾಲಯದಲ್ಲಿಯೇ 1894ರಲ್ಲಿ ಕಿಟ್ಟೆಲರ ಮಹಾನಿಘಂಟು ಅಚ್ಚಾಯಿತು. ಓಲೆಗರಿಗಳಿಗಾಗಿ ಊರೂರು ಅಲೆದ ಫ. ಗು. ಹಳಕಟ್ಟಿಯವರು ತಮ್ಮ ವಚನಶಾಸ್ತ್ರಸಾರದ ಹಸ್ತಪ್ರತಿಯನ್ನು ಮೊದಲು ಕಳುಹಿಸಿದ್ದು ಇದೇ ಮುದ್ರಣಾಲಯಕ್ಕೆ. ಇಲ್ಲಿ ಅಚ್ಚಾಗದೆ ಅದು ಹಿಂದಿರುಗಿತು. 1923ರಲ್ಲಿ ಬೆಳಗಾವಿಯಲ್ಲಿ ಬೆಳಕು ಕಂಡಿತು. ಹಳಕಟ್ಟಿಯವರು ಎದೆಗುಂದಲಿಲ್ಲ, ಮುಂದೆ ವಿಜಾಪುರದಲ್ಲಿ ತಾವೇ ಮುದ್ರಣಾಲಯವನ್ನು ತೆರೆದರು. ತುನ್ನವಾಯನಿಗೆ ತಾಳ್ಮೆಯೇ ಬಂಡವಾಳ.

ಭಕ್ತರೇ, ನಮ್ಮ ಮನೆಗಳಲ್ಲಿ ಹರಕುಗಳಿಲ್ಲವೆ? ಅಣ್ಣತಮ್ಮಂದಿರು ಒಂದು ಗೋಡೆಗಾಗಿ ನ್ಯಾಯಾಲಯದ ಮೆಟ್ಟಿಲು ಹತ್ತುತ್ತಾರೆ. ಕೊರಳಲ್ಲಿ ಒಂದೇ ಲಿಂಗವಿದ್ದರೂ ಒಳಪಂಗಡದ ಹೆಸರು ಕೇಳಿ ಹೆಣ್ಣು ತರಲು ಹಿಂಜರಿಯುತ್ತಾರೆ. ಕಲ್ಯಾಣ ಹರಿದದ್ದು ಇಲ್ಲಿಯೇ ಎಂಬುದನ್ನು ಮರೆಯುತ್ತಾರೆ. ಜಗಳ ಹೆಚ್ಚಾದಾಗ ಹಿರಿಯರು ಕೂಡಿ ತೇಪೆ ಹಚ್ಚುತ್ತಾರೆ. ಇಬ್ಬರೂ ಮಠದಲ್ಲಿ ಕೈಮುಗಿಯುತ್ತಾರೆ. ಹೊಸಿಲು ದಾಟಿದೊಡನೆ ಮತ್ತೆ ಮಾತಿಲ್ಲ. ತೇಪೆಯ ಕೆಳಗೆ ತೂತು ಹಾಗೆಯೇ ಇರುತ್ತದೆ.

ರಫು ಮಾಡುವವನನ್ನು ನೋಡಿ ಕಲಿಯಿರಿ. ಗಟ್ಟಿಯಾಗಿ ಉಳಿದಿರುವ ಕಡೆಯಿಂದ ಆರಂಭಿಸಿರಿ: ಒಂದೇ ತಾಯಿಯ ಹಾಲು ಕುಡಿದವರು, ಒಂದೇ ಗುರುವಿನ ಕೈಯಿಂದ ದೀಕ್ಷೆ ಪಡೆದವರು ಎಂಬ ನೆನಪಿನಿಂದ ಆರಂಭಿಸಿರಿ. ಎಳೆಯನ್ನು ಹೊರಗಿನವರಿಂದ ಬೇಡಬೇಡಿರಿ. ನಿಮ್ಮ ಅಂಚಿನಿಂದಲೇ ತೆಗೆಯಿರಿ. ಅಷ್ಟು ನಷ್ಟವಿಲ್ಲದೆ ರಫು ಆಗದು. ಜಗ್ಗಬೇಡಿರಿ, ಅವಸರಿಸಬೇಡಿರಿ.

ಹರಿಯುವುದಕ್ಕೆ ಒಂದು ಕ್ಷಣ ಸಾಕು. ನೇಯುವುದಕ್ಕೆ ದಿನಗಳು ಬೇಕು. ಆ ದಿನಗಳನ್ನು ಕೊಡುವ ಮನಸ್ಸನ್ನು ಬಸವಾದಿ ಪ್ರಮಥರು ನಿಮಗೆ ಕರುಣಿಸಲೆಂದು ಹಾರೈಸುತ್ತೇವೆ.