ಕಾಣದ ಗಡಿಯ ಮೇಲೆ

ಐರ್ಲೆಂಡಿನ ಮೊನಹನ್ ಕೌಂಟಿಯಲ್ಲಿ ಕ್ಲೋನ್ಸ್ ಎಂಬ ಸಣ್ಣ ಪೇಟೆಯುಂಟು. ಅಲ್ಲಿಂದ ಕ್ಯಾವನ್ ಪಟ್ಟಣದ ಕಡೆಗೆ ಹೊರಟವನು ಸುಮಾರು 10 ಕಿಲೋಮೀಟರು ಸಾಗುವುದರೊಳಗೆ ನಾಲ್ಕು ಸಲ ದೇಶದ ಗಡಿಯನ್ನು ದಾಟುತ್ತಾನೆ. ಬಾಡಿಗೆಯ ಕಾರಿನಲ್ಲಿ ನಾನು ಒಬ್ಬನೇ ಆ ದಾರಿ ಹಿಡಿದಿದ್ದೆ. ಗಡಿ ಬಂತೆಂದು ಹೇಳಲು ಪಕ್ಕದಲ್ಲಿ ಯಾರೂ ಇರಲಿಲ್ಲ, ರಸ್ತೆಯೂ ಹೇಳಲಿಲ್ಲ. ಅಡ್ಡಗಂಬವಿಲ್ಲ, ಕಾವಲಿನವನಿಲ್ಲ. ರಸ್ತೆಯಂಚಿನ ಹಳದಿ ಗೆರೆ ಬಿಳಿಯಾದರೆ, ವೇಗಮಿತಿಯ ಫಲಕ ಕಿಲೋಮೀಟರನ್ನು ಬಿಟ್ಟು ಮೈಲಿಯನ್ನು ಹಿಡಿದರೆ, ಗಣರಾಜ್ಯವನ್ನು ದಾಟಿ ಬ್ರಿಟನ್ನಿಗೆ ಸೇರಿದ ಉತ್ತರ ಐರ್ಲೆಂಡನ್ನು ಹೊಕ್ಕೆವೆಂದು ತಿಳಿಯಬೇಕು. ಇನ್ನಷ್ಟು ದೂರ ಹೋದರೆ ಮತ್ತೆ ಗಣರಾಜ್ಯ.

ಭಾರತದ ಪಾಸ್‌ಪೋರ್ಟು ಹಿಡಿದವನಿಗೆ ಅಷ್ಟೊಂದು ನಿಶ್ಚಿಂತೆ ಸಲ್ಲದು. ಎರಡೂ ಕಡೆಗೆ ಒಂದೇ ವೀಸಾ ನಡೆಯುವ ಏರ್ಪಾಡು 2015ರಲ್ಲಿ ನಮಗೂ ದೊರೆಯಿತು. ಅದಕ್ಕೆ ಬೇಕಾದ ಗುರುತು ನನ್ನ ವೀಸಾದಲ್ಲಿತ್ತು. ಕೇಳುವವರೇ ಇಲ್ಲದಿದ್ದರೂ ಅದನ್ನು ಎರಡು ಬಾರಿ ತೆಗೆದು ನೋಡಿಕೊಂಡೆ.

ಈ ಗಡಿಯನ್ನು ಯಾರೂ ಹೊಸದಾಗಿ ಎಳೆದವರಲ್ಲ. 1920ರ ಬ್ರಿಟಿಷ್ ಶಾಸನ ಅಲ್‌ಸ್ಟರ್ ಪ್ರಾಂತದ ಒಂಬತ್ತು ಕೌಂಟಿಗಳಲ್ಲಿ ಆರನ್ನು ಬೇರ್ಪಡಿಸಿ, ಅವುಗಳ ಹಳೆಯ ಎಲ್ಲೆಗಳನ್ನೇ ಉಳಿಸಿಕೊಂಡಿತು. ಹಳ್ಳ, ಬೇಲಿ, ಜೌಗುಗಳ ನಡುವೆ ಅಂಕುಡೊಂಕಾಗಿ ಹೋಗುವ ಜಿಲ್ಲೆಯ ಮೇರೆ ದೇಶದ ಮೇರೆಯಾಯಿತು. ನನ್ನ ದಾರಿಯಲ್ಲಿ ಸಿಗುವ ಡ್ರಮಲಿ ಎಂಬ ಪ್ರದೇಶ ಹೀಗೆಯೇ ಉತ್ತರ ಐರ್ಲೆಂಡಿನೊಳಕ್ಕೆ ಚಾಚಿಕೊಂಡು ಉಳಿಯಿತು: ಅದು ಗಣರಾಜ್ಯದ್ದು, ಆದರೆ ಉತ್ತರದ ನೆಲವನ್ನು ತುಳಿಯದೆ ಅಲ್ಲಿಗೆ ಹೋಗಲು ರಸ್ತೆಯಿಲ್ಲ.

ಈ ತೊಡಕನ್ನು ಬಿಡಿಸಬೇಕಾಗಿದ್ದುದು 1921ರ ಒಪ್ಪಂದದಲ್ಲಿ ಹೇಳಿದ್ದ ಗಡಿ ಆಯೋಗ. ದಕ್ಷಿಣ ಆಫ್ರಿಕದ ನ್ಯಾಯಾಧೀಶ ರಿಚರ್ಡ್ ಫೀಥಮ್ ಅದರ ಅಧ್ಯಕ್ಷ. 1925ರ ನವೆಂಬರಿನಲ್ಲಿ ಅದರ ಸಲಹೆಗಳು ಲಂಡನ್ನಿನ ಪತ್ರಿಕೆಯೊಂದಕ್ಕೆ ಸೋರಿದವು. ಕೋಲಾಹಲವೆದ್ದಿತು. ಡಿಸೆಂಬರಿನಲ್ಲಿ ಮೂರು ಸರ್ಕಾರಗಳೂ ಸೇರಿ, ಗಡಿ ಇದ್ದಂತೆಯೇ ಇರಲೆಂದು ವರದಿಯನ್ನು ಮುಚ್ಚಿಟ್ಟವು. ಅದು ಅಚ್ಚಾದದ್ದು 1969ರಲ್ಲಿ! ನಮ್ಮ ಮಹಾಜನ ವರದಿ ಕಾರ್ಯಕ್ಕೆ ಬಾರದಿದ್ದರೂ ಬೆಳಕನ್ನಾದರೂ ಕಂಡಿತು.

ಅಷ್ಟರಲ್ಲಿ ಗಡಿ ತನ್ನ ಕೆಲಸವನ್ನು ಮಾಡಿತ್ತು. 1923ರ ಏಪ್ರಿಲಿನಿಂದ ಸುಂಕದ ಕಟ್ಟೆಗಳು ಬಂದವು. ಸುತ್ತಲ ಹಳ್ಳಿಗಳ ಸಂತೆಯೂರಾಗಿದ್ದ ಕ್ಲೋನ್ಸ್ ತನ್ನ ಅರ್ಧ ಗಿರಾಕಿಗಳನ್ನು ಆಚೆಯ ದೇಶದಲ್ಲಿ ಕಂಡಿತು. ರೈಲ್ವೆ ಜಂಕ್ಷನ್ ಆಗಿದ್ದ ಊರಿಗೆ 1957ರಲ್ಲಿ ಪ್ರಯಾಣಿಕರ ರೈಲೂ ನಿಂತಿತು. ಮುಂದೆ ಗಲಭೆಯ ವರ್ಷಗಳು. 1972ರ ಡಿಸೆಂಬರ್ 28ರ ರಾತ್ರಿ ಕ್ಲೋನ್ಸ್, ಪೆಟಿಗೊ, ಬೆಲ್ಟರ್‌ಬೆಟ್ ಈ ಮೂರು ಗಡಿಯೂರುಗಳಲ್ಲಿ ಬಾಂಬು ಸಿಡಿದವು. ಬೆಲ್ಟರ್‌ಬೆಟ್‌ನಲ್ಲಿ ಹದಿಹರೆಯದ ಇಬ್ಬರು ಸತ್ತರು. ಬ್ರಿಟಿಷ್ ಸೈನ್ಯ ಗಡಿಯ ಸಣ್ಣ ದಾರಿಗಳನ್ನು ಸ್ಫೋಟಿಸಿ ಗುಂಡಿ ತೋಡಿತು, ಕಾಂಕ್ರೀಟು ದಿಮ್ಮಿಗಳನ್ನು ನೆಟ್ಟಿತು. ಹಳ್ಳಿಗರು ಒಟ್ಟುಗೂಡಿ ಮಣ್ಣು ತುಂಬುವರು. ಸೈನಿಕರು ಮರಳಿ ಬಂದು ತೋಡುವರು. ಹೊಲ ಈಚೆ, ದನದ ಕೊಟ್ಟಿಗೆ ಆಚೆ ಇದ್ದವನು ಏನು ಮಾಡಬೇಕು?

ಸುಂಕದ ಕಟ್ಟೆಗಳು 1993ರಲ್ಲಿ ಹೋದವು. 1998ರ ಒಪ್ಪಂದದ ಬಳಿಕ ಕಾವಲುಗೋಪುರಗಳೂ ಇಳಿದವು. ಬ್ರಿಟನ್ 2016ರ ಜನಮತದಲ್ಲಿ ಐರೋಪ್ಯ ಒಕ್ಕೂಟವನ್ನು ಬಿಡಲು ನಿಶ್ಚಯಿಸಿದಾಗ ಅವು ಮತ್ತೆ ಬಂದಾವೆಂಬ ಅಂಜಿಕೆ ಇಲ್ಲಿನವರನ್ನು ಹಿಡಿಯಿತು. ಕಡೆಗೆ ಸರಕಿನ ತಪಾಸಣೆ ಉತ್ತರದ ಬಂದರುಗಳಿಗೆ ಹೋಯಿತು.

ನಾಲ್ಕನೆಯ ಸಲ ದಾಟಿದ ಮೇಲೆ ಕಾರನ್ನು ನಿಲ್ಲಿಸಿ, ಹಿಂದಕ್ಕೆ ನಡೆದು ಗಡಿಯನ್ನು ಹುಡುಕಿದೆ. ಡಾಂಬರಿನ ಬಣ್ಣ ಒಂದೆಡೆ ತುಸು ಬೇರೆಯಾಗಿತ್ತು. ಅದರ ಮೇಲೆ ನಿಂತಿದ್ದೆ. ಹಿಂದಿನಿಂದ ಬಂದ ಟ್ರ್ಯಾಕ್ಟರಿನವನು ಹಾರನ್ನು ಹೊಡೆದ, ಬದಿಗೆ ಸರಿದೆ.