ಎಡ ಹೆಬ್ಬೆರಳು ಇಲ್ಲದವರ ಗೇಮ್ ಬಾಯ್

ಗೇಮ್ ಆಡುವ ಯಂತ್ರಗಳಲ್ಲಿ ದಿಕ್ಕಿನ ಬಟನ್ ಎಡಕ್ಕೇ ಯಾಕಿರುತ್ತೆ? ನಮ್ಮಲ್ಲಿ ಹೆಚ್ಚಿನವರಿಗೆ ಬಲಗೈಯೇ ಚುರುಕು. ಆದರೂ ಓಡೋದು, ತಿರುಗೋದು, ಬಗ್ಗೋದು ಎಲ್ಲ ಎಡ ಹೆಬ್ಬೆರಳಿನ ಪಾಲು. ಬಲಗೈಗೆ ಹಾರೋದು, ಗುಂಡು ಹೊಡೆಯೋದು ಅಷ್ಟೇ.

ಕೈಯಲ್ಲಿ ಹಿಡಿದು ಆಡುವ ಗೇಮುಗಳ ಮಟ್ಟಿಗೆ ಇದರಲ್ಲಿ ದೊಡ್ಡ ಪಾಲು ಗುನ್‌ಪೇ ಯೊಕೊಯಿ ಎಂಬ ಜಪಾನಿಯದು. 1965ರಲ್ಲಿ ಆತ ನಿಂಟೆಂಡೊ ಸೇರಿದಾಗ ಅದು ಎಲೆಯಾಟದ ಎಲೆಗಳನ್ನು ತಯಾರಿಸುತ್ತಿದ್ದ ಕಂಪನಿ. ಈತನ ಕೆಲಸ ಅಲ್ಲಿನ ಯಂತ್ರಗಳನ್ನು ನೋಡಿಕೊಳ್ಳೋದು. ಕ್ಯಾಲ್ಕುಲೇಟರಿನ ಪರದೆ ಅಗ್ಗವಾದ ಕಾಲಕ್ಕೆ, 1980ರಲ್ಲಿ, ಅದನ್ನೇ ಬಳಸಿ 'ಗೇಮ್ ಅಂಡ್ ವಾಚ್' ಮಾಡಿದ. 1982ರಲ್ಲಿ ಡಾಂಕಿ ಕಾಂಗ್ ಅನ್ನು ಮಡಚುವ ಪೆಟ್ಟಿಗೆಗೆ ಇಳಿಸಬೇಕಾಯ್ತು. ಮುಚ್ಚಳದೊಳಗೆ ಜಾಯ್‌ಸ್ಟಿಕ್ ಎದ್ದು ನಿಂತರೆ ಮಡಚೋದು ಹೇಗೆ? ಹಾಗಾಗಿ ಅಧಿಕ ಚಿಹ್ನೆಯ ಚಪ್ಪಟೆ ಬಟನ್ ಬಂತು. ಅದೇ 1983ರಲ್ಲಿ ಫ್ಯಾಮಿಕಾಮ್‌ಗೂ, 1989ರಲ್ಲಿ ಗೇಮ್ ಬಾಯ್‌ಗೂ ಹೋಯ್ತು. ಅಲ್ಲಿಂದ ಮುಂದೆ ಎಡ ಹೆಬ್ಬೆರಳು ಇಲ್ಲದವರ ಪಾಡು ಯಾರೂ ಕೇಳಲಿಲ್ಲ.

ನನಗೆ ಈ ಪ್ರಶ್ನೆ ಬಂದಿದ್ದು ಸೋದರಮಾವನಿಂದ. ಅವರ ಊರು ತದಡಿ, ಅಘನಾಶಿನಿ ನದಿ ಸಮುದ್ರ ಸೇರುವ ಕಡೆ. ಟ್ರಾಲರ್ ಬೋಟಿನಲ್ಲಿ ಬಲೆ ಎಳೆಯುವಾಗ ವಿಂಚಿನ ಹಗ್ಗಕ್ಕೆ ಸಿಕ್ಕಿ ಎಡ ಹೆಬ್ಬೆರಳು ಹೋಗಿತ್ತು. ಮನೆಯಲ್ಲೇ ಕೂತ ಮನುಷ್ಯನಿಗೆ ಗಲ್ಫಿನಲ್ಲಿದ್ದ ನೆಂಟರೊಬ್ಬರು ಹಳೇ ಗೇಮ್ ಬಾಯ್ ತಂದುಕೊಟ್ಟರು. ಒಳಗೆ ಟೆಟ್ರಿಸ್. ಬೀಳುವ ತುಂಡನ್ನು ಎಡಕ್ಕೋ ಬಲಕ್ಕೋ ಸರಿಸಬೇಕು, ತಿರುಗಿಸಬೇಕು, ಅಷ್ಟೇ. ಆ ಅಷ್ಟೇ ಅವರಿಗೆ ಆಗ್ತಿರಲಿಲ್ಲ. "ಇದು ನನ್ನ ಕೈಗಲ್ಲ ಮಾರಾಯ" ಅಂತ ಕಪಾಟಿನ ಮೇಲಿಟ್ಟರು.

ಪರಿಹಾರ ಬಂದಿದ್ದೂ ಗಲ್ಫಿನಿಂದಲೇ. ಆ ಕಾಲದಲ್ಲಿ ಭಟ್ಕಳದಿಂದ ಇತ್ತ ಕರಾವಳಿಯ ಎಷ್ಟೋ ಮನೆಗಳಿಗೆ ಫಾರಿನ್ ಮಾಲು ಅಂದ್ರೆ ಗಲ್ಫಿನ ಪೆಟ್ಟಿಗೆಯೇ. ಎಂಬತ್ತರ ದಶಕದಲ್ಲಿ ಕುವೈತಿನ ಅಲ್ ಆಲಮಿಯಾ ಕಂಪನಿ 'ಸಖ್ರ್' ಹೆಸರಿನಲ್ಲಿ ಅರಬ್ಬಿ ಅಕ್ಷರದ ಎಂಎಸ್‌ಎಕ್ಸ್ ಕಂಪ್ಯೂಟರ್ ಮಾರುತ್ತಿತ್ತು. ಅಂಥದ್ದೊಂದರ ಜಾಯ್‌ಸ್ಟಿಕ್, ಕಂಪ್ಯೂಟರ್ ಕೆಟ್ಟ ಮೇಲೂ, ಅದೇ ನೆಂಟರ ಮನೆಯಲ್ಲಿ ಉಳಿದಿತ್ತು. ಒಂಬತ್ತು ಪಿನ್ನಿನ ಪ್ಲಗ್ಗು. 1977ರಲ್ಲಿ ಅಟಾರಿ ಇದನ್ನು ಮನೆಮನೆಗೆ ತಂದಿತು. ಕಮೊಡೋರ್, ಸೆಗಾ, ಎಂಎಸ್‌ಎಕ್ಸ್ ಎಲ್ಲ ಅದನ್ನೇ ಅಲ್ಪಸ್ವಲ್ಪ ಬದಲಿಸಿ ಹಿಡಿದವು. ಒಳಗೆ ಯಾವ ಚಿಪ್ಪೂ ಇಲ್ಲ. ಕೋಲು ವಾಲಿಸಿದ ಕಡೆಯ ಸ್ವಿಚ್ ಎರಡು ತಂತಿ ಕೂಡಿಸುತ್ತೆ, ಅಷ್ಟೇ.

ಹಾಗಂತ ನೇರ ಚುಚ್ಚೋಕೆ ಗೇಮ್ ಬಾಯ್‌ನಲ್ಲಿ ಜಾಗವೇ ಇಲ್ವಲ್ಲ. ಕುಮಟೆಯ ರೇಡಿಯೋ ರಿಪೇರಿಯವರೊಬ್ಬರು ಒಪ್ಪಿಕೊಂಡರು. ಮೊದಲ ತಲೆನೋವು ಮೂರು ರೆಕ್ಕೆಯ ಸ್ಕ್ರೂ. ಹಳೇ ಸ್ಕ್ರೂಡ್ರೈವರನ್ನು ಅರದಿಂದ ಉಜ್ಜಿ ಹೊಂದಿಸಿದರು. ಎರಡನೆಯದು, ಬಟನ್ ಕೆಳಗಿನ ಕಪ್ಪು ಕಾರ್ಬನ್‌ಗೆ ಬೆಸುಗೆ ಹಿಡಿಯೋದಿಲ್ಲ. ಪಕ್ಕದ ತಾಮ್ರದ ಗೆರೆ ಕೆರೆದು ಅಲ್ಲಿ ತಂತಿ ಕೂರಿಸಬೇಕು. ಕೂರಿಸಿದರು. ಕೋಲು ವಾಲಿಸಿದರೆ ತುಂಡು ಸರೀತು!

ಆದರೆ ಜಾಯ್‌ಸ್ಟಿಕ್‌ನ ಬಟನ್ ಒತ್ತಿದರೆ ತುಂಡು ತಿರುಗೋ ಬದಲು ಬಲಕ್ಕೆ ಓಡ್ತಿತ್ತು. ಈ ಎಡವಟ್ಟು ನನಗೆ ತುಂಬ ಇಷ್ಟ, ಯಾಕಂದ್ರೆ ಗೇಮ್ ಬಾಯ್ ಹೇಗೆ ಯೋಚಿಸುತ್ತೆ ಅನ್ನೋದು ಇದರಲ್ಲೇ ಇದೆ. ಎಂಟು ಬಟನ್‌ಗೆ ಎಂಟು ತಂತಿ ಕೊಟ್ಟರೆ ದುಬಾರಿ. ಅದಕ್ಕೆ ನಾಲ್ಕೇ ತಂತಿ, ಎರಡು ಸರದಿ: ಮೊದಲು ನಾಲ್ಕು ದಿಕ್ಕುಗಳನ್ನು ಕೇಳುತ್ತೆ, ಆಮೇಲೆ ಅದೇ ತಂತಿಗಳಲ್ಲಿ ಎ, ಬಿ, ಸೆಲೆಕ್ಟ್, ಸ್ಟಾರ್ಟ್ ಕೇಳುತ್ತೆ. 'ಬಲ' ಮತ್ತು 'ಎ' ಒಂದೇ ತಂತಿಯಲ್ಲಿವೆ. ಜಾಯ್‌ಸ್ಟಿಕ್‌ನಲ್ಲೋ, ಎಲ್ಲ ಸ್ವಿಚ್ಚಿಗೂ ಒಂದೇ ಹಿಂದಿರುಗುವ ತಂತಿ. ಅದನ್ನು ದಿಕ್ಕಿನ ಸರದಿಗೆ ಕಟ್ಟಿದ ಮೇಲೆ ಬಟನ್ ಕೂಡ ದಿಕ್ಕಿನ ಹೊತ್ತಲ್ಲೇ ಉತ್ತರ ಕೊಡುತ್ತೆ. 'ಎ' ಅನ್ನಬೇಕಾದದ್ದು 'ಬಲ' ಅಂತ ಕೇಳಿಸುತ್ತೆ.

ರಿಪೇರಿಯವರು ಹೆಚ್ಚು ತಲೆ ಕೆಡಿಸಿಕೊಳ್ಳಲಿಲ್ಲ. ಮನೆ ಬಾಗಿಲಿನ ಕಾಲಿಂಗ್ ಬೆಲ್ ಸ್ವಿಚ್ಚೊಂದನ್ನು ಹಲಗೆಗೆ ಹೊಡೆದು, ಅದಕ್ಕೆ ಬೇರೆಯೇ ಎರಡು ತಂತಿ ಎಳೆದರು. ಬಲಗೈಗೆ ಕೋಲು, ಎಡ ಅಂಗೈಗೆ ಬೆಲ್ಲು. ಮಾವ ಆ ಮಳೆಗಾಲ, ಬೋಟುಗಳು ದಡದಲ್ಲಿದ್ದ ದಿನಗಳಲ್ಲಿ, ಸೆಲ್ ಮುಗಿಸಿಯೇ ಮುಗಿಸಿದರು. ಒಂದು ಸಲಕ್ಕೆ ನಾಲ್ಕು ಪೆನ್ಸಿಲ್ ಸೆಲ್. ಅತ್ತೆಯ ತಕರಾರು ಅದೊಂದರದ್ದೇ.

ನಿಂಟೆಂಡೊಗೆ ಈ ಯೋಚನೆ ಬಂದೇ ಇರಲಿಲ್ಲ ಅಂತಲ್ಲ. ಗೇಮ್ ಬಾಯ್ ಬಂದ 1989ರಲ್ಲೇ ತನ್ನ ಟೀವಿ ಗೇಮಿಗೆ 'ಹ್ಯಾಂಡ್ಸ್ ಫ್ರೀ' ಕಂಟ್ರೋಲರ್ ಮಾಡಿತ್ತು. ಎದೆಗೆ ಕಟ್ಟಿಕೊಂಡು ಗಲ್ಲದಿಂದ ಕೋಲು ಆಡಿಸೋದು, ನಳಿಗೆ ಊದಿದರೆ, ಹೀರಿದರೆ ಎ, ಬಿ. ಆದರೆ ಅದು ಅಂಗಡಿಯಲ್ಲಿ ಸಿಗ್ತಿರಲಿಲ್ಲ, ಕಂಪನಿಯಿಂದಲೇ ತರಿಸಬೇಕಿತ್ತು. ತದಡಿಗೆ ಎಲ್ಲಿಂದ ಬರಬೇಕು!

2018ರಲ್ಲಿ ಮೈಕ್ರೋಸಾಫ್ಟ್ 'ಅಡಾಪ್ಟಿವ್ ಕಂಟ್ರೋಲರ್' ತಂದಿತು. ಎರಡು ದೊಡ್ಡ ಬಟನ್, ಹಿಂದುಗಡೆ ಹೆಡ್‌ಫೋನ್ ಪಿನ್ನಿನ ಅಳತೆಯ 19 ತೂತು. ಕಾಲಿಗೆ, ಮೊಣಕೈಗೆ, ತಲೆಗೆ, ಎಲ್ಲಿ ಅನುಕೂಲವೋ ಅಲ್ಲಿಗೆ ಸ್ವಿಚ್ ಇಟ್ಟು ಅದಕ್ಕೆ ಸಿಕ್ಕಿಸಬಹುದು. ಮಾವನ ಕಾಲಿಂಗ್ ಬೆಲ್ ಸ್ವಿಚ್ಚಿನ ತಂತಿಗೆ ಅಂಥ ಪಿನ್ ಬೆಸೆದರೆ ಅದೂ ಅಲ್ಲಿ ಕೆಲಸ ಮಾಡುತ್ತೆ.