ಆಟದ ನಕ್ಷೆಗೆ ಊರಿನ ಗುರುತು: ಸ್ಥಳ ಪರಿಶೀಲಕರು ಅರಿಯಬೇಕಾದ ಸಂಗತಿಗಳು

ಕುಷ್ಟಗಿ ತಾಲ್ಲೂಕಿನ ಯಾವುದೋ ಹಳ್ಳಿಯ ಅಗಸಿಯ ಪಕ್ಕದಲ್ಲಿ ವೀರಗಲ್ಲೊಂದು ನಿಂತಿದೆಯೆನ್ನೋಣ. ಊರಿನ ಯುವಕನೊಬ್ಬ ಅದರ ಚಿತ್ರ ತೆಗೆದು, ನಾಲ್ಕು ಸಾಲಿನ ವಿವರಣೆ ಬರೆದು, ತಾನು ಆಡುವ ಮೊಬೈಲ್ ಆಟದ ನಕ್ಷೆಗೆ ಸೇರಿಸಬೇಕೆಂದು ಕಳುಹಿಸುತ್ತಾನೆ. ಕೆಲಕಾಲದ ನಂತರ ‘ತಿರಸ್ಕೃತ’ ಎಂಬ ಉತ್ತರ ಬರುತ್ತದೆ. ಈ ತೀರ್ಪು ನೀಡುವವರು ಬಹುಪಾಲು ಆಟದ ಸಂಸ್ಥೆಯ ನೌಕರರಲ್ಲ; ಆ ಕಲ್ಲನ್ನು ಎಂದೂ ಕಾಣದ, ಸಂಬಳವನ್ನೂ ಪಡೆಯದ ಇತರ ಆಟಗಾರರು. ಅವರು ತಪ್ಪಾಗಿ ‘ಬೇಡ’ ಎಂದರೆ ಊರಿನ ಗುರುತೊಂದು ನಕ್ಷೆಯಿಂದ ಹೊರಗುಳಿಯುತ್ತದೆ. ತಪ್ಪಾಗಿ ‘ಇರಲಿ’ ಎಂದರೆ ಅಪರಿಚಿತರು ಯಾರದೋ ಮನೆಯಂಗಳಕ್ಕೋ ಶಾಲೆಯ ಆವರಣಕ್ಕೋ ಬಂದು ನಿಲ್ಲುತ್ತಾರೆ. ಆದ್ದರಿಂದ ಈ ಕೆಲಸಕ್ಕೆ ಆಟದ ಜಾಣ್ಮೆಗಿಂತ ಸ್ಥಳದ ತಿಳಿವಳಿಕೆಯೇ ಮುಖ್ಯ. ಕೊಪ್ಪಳ, ಗಂಗಾವತಿ, ಕುಷ್ಟಗಿ ಹಾಗೂ ಯಲಬುರ್ಗಾ ಸೀಮೆಯ ನಿದರ್ಶನಗಳಿಂದ ಇದನ್ನು ಸುಲಭವಾಗಿ ಅರಿಯಬಹುದು.

ಹಿನ್ನೆಲೆ

ಅಮೆರಿಕದ ನಿಯಾಂಟಿಕ್ ಸಂಸ್ಥೆ 2012ರಲ್ಲಿ ‘ಇಂಗ್ರೆಸ್’ ಎಂಬ ಆಟವನ್ನು ಪ್ರಾಯೋಗಿಕವಾಗಿ ಹೊರತಂದಿತು. ಆಟಗಾರ ಬೀದಿಗಿಳಿದು ನಡೆಯಬೇಕು; ನಿಜವಾದ ಸ್ಮಾರಕ, ಶಿಲ್ಪ, ಕಟ್ಟಡಗಳೇ ಆಟದ ತಾಣಗಳು ಎಂಬುದು ಅದರ ವೈಶಿಷ್ಟ್ಯವಾಗಿತ್ತು. ಮೊದಲ ತಾಣಗಳನ್ನು ಐತಿಹಾಸಿಕ ಫಲಕಗಳು ಮತ್ತು ಸಾರ್ವಜನಿಕ ಕಲಾಕೃತಿಗಳ ಪಟ್ಟಿಗಳಿಂದ ಆಯ್ದುಕೊಳ್ಳಲಾಯಿತು. ಅನಂತರ ಆಟಗಾರರಿಂದಲೇ ಸಲಹೆ ಕೇಳಲಾಯಿತು. ಸುಮಾರು 1.5 ಕೋಟಿ ಸಲಹೆಗಳು ಬಂದು, ಅವುಗಳಲ್ಲಿ ಸುಮಾರು 50 ಲಕ್ಷ ಅಂಗೀಕೃತವಾದವೆಂದು ಸಂಸ್ಥೆಯ ಮುಖ್ಯಸ್ಥ ಜಾನ್ ಹ್ಯಾಂಕಿ 2016ರಲ್ಲಿ ತಿಳಿಸಿದ್ದರು. ಅದೇ ವರ್ಷ ಬಂದ ‘ಪೋಕೆಮಾನ್ ಗೋ’ ಆಟಕ್ಕೂ ಇದೇ ಸಂಗ್ರಹ ತಳಹದಿಯಾಯಿತು.

ಭಾರತಕ್ಕೆ ಪೋಕೆಮಾನ್ ಗೋ ಅಧಿಕೃತವಾಗಿ ಬಂದದ್ದು 2016ರ ಡಿಸೆಂಬರ್‌ನಲ್ಲಿ, ರಿಲಯನ್ಸ್ ಜಿಯೊ ಸಹಯೋಗದೊಂದಿಗೆ. ಆ ಒಪ್ಪಂದದಂತೆ ರಿಲಯನ್ಸ್ ಡಿಜಿಟಲ್ ಮಳಿಗೆಗಳೂ ಆಟದ ತಾಣಗಳಾದವು. ಮಳಿಗೆಗಳು ನಕ್ಷೆಗೆ ಬರುವುದಕ್ಕೆ ವ್ಯಾಪಾರಿ ಒಪ್ಪಂದ ಸಾಕು. ಹಳ್ಳಿಯ ಶಾಸನ, ಕಟ್ಟೆ, ಬಾವಿಗಳು ಬರಬೇಕಾದರೆ ಯಾರಾದರೂ ಚಿತ್ರ ಕಳುಹಿಸಬೇಕು, ಮತ್ತೆ ಯಾರಾದರೂ ಅದನ್ನು ಒಪ್ಪಬೇಕು.

ಒಪ್ಪುವ ಕೆಲಸವನ್ನು ಅನುಭವಿ ಆಟಗಾರರಿಗೇ ವಹಿಸುವ ಪದ್ಧತಿ ‘ಪೋರ್ಟಲ್ ರೆಕಾನ್’ ಎಂಬ ಹೆಸರಿನಿಂದ ಆರಂಭವಾಗಿ, 2019ರಲ್ಲಿ ‘ವೇಫೇರರ್’ ಎಂಬ ಹೊಸ ವ್ಯವಸ್ಥೆಯಾಯಿತು. ಆಟದಲ್ಲಿ ನಿಗದಿತ ಮಟ್ಟ ತಲುಪಿ, ನಿಯಮಗಳ ಬಗ್ಗೆ ಸಣ್ಣ ಪರೀಕ್ಷೆಯೊಂದರಲ್ಲಿ ತೇರ್ಗಡೆಯಾದವರು ಪರಿಶೀಲಕರಾಗುತ್ತಾರೆ. 2025ರಲ್ಲಿ ಪೋಕೆಮಾನ್ ಗೋ ಸ್ಕೋಪ್ಲಿ ಸಂಸ್ಥೆಯ ಪಾಲಾಯಿತು. ಇಂಗ್ರೆಸ್ ಹೊಸದಾಗಿ ರಚಿತವಾದ ನಿಯಾಂಟಿಕ್ ಸ್ಪೇಶಿಯಲ್ ಸಂಸ್ಥೆಗೆ ಹೋಯಿತು.

ಅರ್ಹತೆಯ ಅಳತೆಗೋಲು

ತಾಣವೊಂದು ಮೂರರಲ್ಲಿ ಒಂದು ಕಾರಣಕ್ಕಾದರೂ ಯೋಗ್ಯವಾಗಿರಬೇಕು: ಹೋಗಿ ನೋಡಿ ತಿಳಿಯುವಂತಿರಬೇಕು, ವ್ಯಾಯಾಮಕ್ಕೆ ಅನುವು ಮಾಡಬೇಕು ಅಥವಾ ಜನ ಸೇರುವ ಜಾಗವಾಗಿರಬೇಕು. ಇದರ ಜೊತೆಗೆ ಅದು ಶಾಶ್ವತವಾದ, ಸ್ಪಷ್ಟವಾಗಿ ಗುರುತಿಸಬಹುದಾದ ವಸ್ತುವಾಗಿದ್ದು, ನಡೆದು ಸುರಕ್ಷಿತವಾಗಿ ತಲುಪುವಂತಿರಬೇಕು.

ಈ ನಿಯಮಗಳನ್ನು ಅಮೆರಿಕದ ಉದ್ಯಾನ, ಶಿಲ್ಪಗಳನ್ನಷ್ಟೇ ಮನಸ್ಸಿನಲ್ಲಿಟ್ಟುಕೊಂಡು ಓದಿದವರಿಗೆ ಉತ್ತರ ಕರ್ನಾಟಕದ ಹಳ್ಳಿಯಲ್ಲಿ ಏನೂ ಕಾಣಿಸದು. ಆದರೆ ಗರಡಿಮನೆ ವ್ಯಾಯಾಮದ ತಾಣ. ಬನ್ನಿಕಟ್ಟೆ, ಅಲಾಯಿ ಹಬ್ಬದಲ್ಲಿ ಊರೆಲ್ಲ ಸೇರುವ ಕಟ್ಟೆ, ಗ್ರಾಮದ ಗ್ರಂಥಾಲಯ ಇವು ಜನ ಕೂಡುವ ತಾಣಗಳು. ಅಗಸಿ ಬಾಗಿಲು, ಹುಡೇವು, ಮಾಸ್ತಿಗಲ್ಲು ನೋಡಿ ತಿಳಿಯುವ ತಾಣಗಳು. ‘ಸಾಮಾನ್ಯ ಕಲ್ಲು’ ಎಂದು ತಳ್ಳಿಹಾಕುವ ಮುನ್ನ ಚಿತ್ರವನ್ನು ಹಿಗ್ಗಿಸಿ ನೋಡಬೇಕು. ಕುದುರೆ, ಕತ್ತಿ ಹಿಡಿದ ವೀರ, ಮೇಲಿನ ಪಟ್ಟಿಕೆಯಲ್ಲಿ ಲಿಂಗ, ಸೂರ್ಯ-ಚಂದ್ರರು ಕಂಡರೆ ಅದು ವೀರಗಲ್ಲು.

ಕೇವಲ ನಿಸರ್ಗಸಹಜ ಬಂಡೆಗೆ ಅರ್ಹತೆಯಿಲ್ಲ ಎಂಬ ನಿಯಮವನ್ನೂ ಎಚ್ಚರದಿಂದ ಬಳಸಬೇಕು. ಕೊಪ್ಪಳದ ಸುತ್ತ ಬಂಡೆಗಳಿಗೆ ಕೊರತೆಯಿಲ್ಲ. ಅವುಗಳಲ್ಲಿ ಪಾಲ್ಕಿಗುಂಡು ಬೇರೆಯೇ ಆಗುವುದು ಅದರ ಮೇಲಿನ ಅಶೋಕನ ಶಾಸನದಿಂದ.

ಎರಡು ಒಂದಾಗುವ, ಒಂದು ಎರಡಾಗುವ ತಪ್ಪು

ಅದೇ ಶಾಸನ ಇನ್ನೊಂದು ಪಾಠವನ್ನೂ ಕಲಿಸುತ್ತದೆ. ಕೊಪ್ಪಳದಲ್ಲಿ ಗವಿಮಠದ ಬೆಟ್ಟದ ಮೇಲೊಂದು, ಪಾಲ್ಕಿಗುಂಡಿನ ಮೇಲೊಂದು ಹೀಗೆ ಅಶೋಕನ ಎರಡು ಕಿರು ಬಂಡೆ ಶಾಸನಗಳಿವೆ. ಇವು ಬೆಳಕಿಗೆ ಬಂದದ್ದು 1931ರಲ್ಲಿ. ಎರಡರ ಲಿಪಿಯೂ ಬ್ರಾಹ್ಮಿ, ಭಾಷೆಯೂ ಪ್ರಾಕೃತ. ಎರಡು ಸಲಹೆಗಳ ವಿವರಣೆ ಒಂದೇ ಬಗೆಯಾಗಿರುವುದು ಸಹಜ. ಓದಿದೊಡನೆ ‘ಈಗಾಗಲೇ ಇದೆ’ ಎಂದು ಗುರುತು ಹಾಕಿದರೆ ನಿಜವಾದ ಸ್ಮಾರಕವೊಂದು ಅಳಿಸಿದಂತಾಗುತ್ತದೆ. ನಕಲು ಹೌದೋ ಅಲ್ಲವೋ ಎಂಬುದನ್ನು ಹೆಸರಿನಿಂದಲ್ಲ, ನಕ್ಷೆಯ ಮೇಲಿನ ಚುಕ್ಕಿ ಮತ್ತು ಚಿತ್ರಗಳಿಂದ ತೀರ್ಮಾನಿಸಬೇಕು.

ಇದರ ವಿರುದ್ಧ ಬಗೆಯ ತಪ್ಪಿಗೆ ಇಟಗಿಯ ಮಹಾದೇವ ದೇವಾಲಯ ನಿದರ್ಶನ. ಚಾಲುಕ್ಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ 1112ರಲ್ಲಿ ಕಟ್ಟಿಸಿದ, ಶಾಸನವೇ ‘ದೇವಾಲಯ ಚಕ್ರವರ್ತಿ’ ಎಂದು ಹೊಗಳಿದ ಈ ಗುಡಿಯನ್ನು ಮುಂಭಾಗ, ಹಿಂಭಾಗ, ಶಿಖರ ಎಂದು ಬೇರೆ ಬೇರೆ ಕೋನಗಳಿಂದ ತೆಗೆದು ಕಳುಹಿಸಿದರೆ ಅವೆಲ್ಲ ಒಂದೇ ತಾಣ. ಆದರೆ ಅಲ್ಲಿನ ಪುಷ್ಕರಣಿ ಪ್ರತ್ಯೇಕ ರಚನೆ. ಅದು ತನ್ನಷ್ಟಕ್ಕೇ ಅರ್ಹ.

ಊರಿನ ಹೆಸರೂ ದಾರಿ ತಪ್ಪಿಸಬಲ್ಲುದು. ಗದಗ ಜಿಲ್ಲೆಯಲ್ಲಿ ಭೀಮಾಂಬಿಕಾ ದೇವಿಯ ಇಟಗಿ ಇದೆ. ಮಹಾದೇವ ದೇವಾಲಯದ ಇಟಗಿ, ನವಲಿಂಗ ದೇವಾಲಯದ ಕುಕನೂರು ಇವು ಮೊದಲು ಯಲಬುರ್ಗಾ ತಾಲ್ಲೂಕಿಗೆ ಸೇರಿದ್ದವು. 1997ರಲ್ಲಿ ರಾಯಚೂರಿನಿಂದ ಬೇರ್ಪಟ್ಟಾಗ ಕೊಪ್ಪಳ ಜಿಲ್ಲೆಯಲ್ಲಿ ನಾಲ್ಕೇ ತಾಲ್ಲೂಕುಗಳಿದ್ದವು. ಕುಕನೂರು, ಕನಕಗಿರಿ, ಕಾರಟಗಿ ಬಳಿಕ ತಾಲ್ಲೂಕುಗಳಾದವು. ವಿವರಣೆಯಲ್ಲಿ ಹಳೆಯ ತಾಲ್ಲೂಕಿನ ಹೆಸರಿದ್ದ ಮಾತ್ರಕ್ಕೆ ಅದನ್ನು ಸುಳ್ಳೆಂದು ಭಾವಿಸಲಾಗದು.

ಚುಕ್ಕಿ ಎಲ್ಲಿರಬೇಕು?

ಚುಕ್ಕಿ ವಸ್ತುವಿನ ಮೇಲೆಯೇ ಇರಬೇಕು. ಗಂಗಾವತಿ ತಾಲ್ಲೂಕಿನ ಅಂಜನಾದ್ರಿಗೆ 575 ಮೆಟ್ಟಿಲುಗಳಿವೆಯೆಂಬುದು ಜನಜನಿತ. ಬೆಟ್ಟದ ಮೇಲಿನ ಆಂಜನೇಯ ಗುಡಿಯ ಚಿತ್ರ ಕಳುಹಿಸಿ, ಮೆಟ್ಟಿಲ ಬುಡದಲ್ಲಿ ಚುಕ್ಕಿ ಇಟ್ಟರೆ ಆಟಗಾರನಿಗೆ ಶ್ರಮ ಉಳಿಯುತ್ತದೆ, ನಕ್ಷೆ ಮಾತ್ರ ಸುಳ್ಳಾಗುತ್ತದೆ. ತನ್ನ ಮನೆಯಿಂದಲೇ ಆಡುವ ಆಸೆಗೆ ಗುಡಿಯನ್ನು ಇನ್ನೊಂದು ಓಣಿಗೆ ‘ಸರಿಸುವ’ವರೂ ಇರುತ್ತಾರೆ. ಉಪಗ್ರಹ ಚಿತ್ರದಲ್ಲಿ ಛಾವಣಿ, ಮರ, ರಸ್ತೆಯ ತಿರುವುಗಳನ್ನು ಸಲಹೆಯ ಎರಡನೆಯ ಚಿತ್ರದ ಹಿನ್ನೆಲೆಯೊಂದಿಗೆ ಹೋಲಿಸುವುದು ಉತ್ತಮ ಪರಿಶೀಲಕರ ರೂಢಿ. ಮರದ ನೆರಳಲ್ಲಿ ಕಲ್ಲು ಕಾಣಿಸದಿದ್ದರೆ ಅದು ಮೋಸಕ್ಕೆ ಪುರಾವೆಯಲ್ಲ. ಸುತ್ತಲಿನ ಗುರುತುಗಳು ಹೊಂದುತ್ತವೆಯೇ ಎಂಬುದೇ ಪ್ರಶ್ನೆ.

ದುರ್ಗಮ ದಾರಿ ಬೇರೆ, ಅಪಾಯ ಬೇರೆ

ಹಿರೇಬೆಣಕಲ್ಲಿನ ಬೃಹತ್ ಶಿಲಾ ಸಂಸ್ಕೃತಿಯ ಕಾಲದ ಕಲ್ಮನೆಗಳನ್ನು ನೋಡಲು ಕಲ್ಲುಬಂಡೆಗಳ ನಡುವೆ ಬೆಟ್ಟ ಹತ್ತಬೇಕು. 2021ರಲ್ಲಿ ಯುನೆಸ್ಕೊದ ತಾತ್ಕಾಲಿಕ ಪಟ್ಟಿಗೆ ಸೇರಿದ ಈ ತಾಣವನ್ನು ‘ದಾರಿ ಕಷ್ಟ’ ಎಂದು ತಿರಸ್ಕರಿಸುವಂತಿಲ್ಲ. ಕಾಲುದಾರಿ ಇದ್ದರೆ ಸಾಕು. ಎಲ್ಲರಿಗೂ ಸುಲಭವಾಗಿರಬೇಕೆಂಬ ನಿಯಮವಿಲ್ಲ. ಆನೆಗೊಂದಿ ಬಳಿಯ ನಡುಗಡ್ಡೆ ನವವೃಂದಾವನಕ್ಕೆ ದೋಣಿಯಲ್ಲಿ ಹೋಗಬೇಕು. ತುಂಗಭದ್ರೆ ತುಂಬಿ ಹರಿಯುವಾಗ ಅಲ್ಲಿಗೆ ಹೋಗಲಾಗದು. ಅದೂ ತಿರಸ್ಕಾರಕ್ಕೆ ಕಾರಣವಲ್ಲ. ಆದರೆ ವಾಹನಗಳು ಓಡುವ ಹೆದ್ದಾರಿಯ ನಡುವಣ ವಿಭಜಕದಲ್ಲಿ ಪಾದಚಾರಿ ನಿಲ್ಲುವ ಜಾಗವೇ ಇಲ್ಲದಿದ್ದರೆ ಅಲ್ಲಿನ ಕಲಾಕೃತಿ ಎಷ್ಟೇ ಚೆಂದವಿದ್ದರೂ ಬೇಡ.

ಬೇಡ ಎನ್ನಲೇಬೇಕಾದವು

ಶಾಲೆ, ಅಂಗನವಾಡಿಗಳ ಆವರಣದೊಳಗಿನ ಯಾವ ವಸ್ತುವೂ ಸಲ್ಲದು, ಅದು ಹಳೆಯ ಗುಡಿಯೇ ಆಗಿದ್ದರೂ. ಕಾಲೇಜುಗಳಿಗೆ ಈ ನಿರ್ಬಂಧವಿಲ್ಲ. ಆಸ್ಪತ್ರೆ, ಅಗ್ನಿಶಾಮಕ ಠಾಣೆಗಳ ತುರ್ತು ಸೇವೆಗೆ ಅಡ್ಡಿಯಾಗುವ ಜಾಗಗಳೂ ವರ್ಜ್ಯ.

ಖಾಸಗಿ ಮನೆಗಳ ವಿಷಯದಲ್ಲಿ ಪರಿಶೀಲಕರು ಹೆಚ್ಚು ಎಡವುತ್ತಾರೆ. ಕಿನ್ನಾಳದ ಬಣ್ಣದ ಗೊಂಬೆಗಳ ಕಲೆ ನಾಡಿಗೇ ಪ್ರಸಿದ್ಧ. ಆದರೆ ಗೊಂಬೆ ಮಾಡುವವರ ಮನೆ ಮೊದಲು ಮನೆ, ಆಮೇಲೆ ಕಲೆಯ ನೆಲೆ. ರಾತ್ರಿ ಹತ್ತಕ್ಕೆ ಮೊಬೈಲ್ ಹಿಡಿದ ಅಪರಿಚಿತರು ಆ ಬಾಗಿಲ ಮುಂದೆ ನಿಲ್ಲುವುದನ್ನು ಊಹಿಸಿದರೆ ಉತ್ತರ ತಾನಾಗಿ ಹೊಳೆಯುತ್ತದೆ.

ತಾತ್ಕಾಲಿಕ ವಸ್ತುಗಳಿಗೂ ಜಾಗವಿಲ್ಲ. ಗಣೇಶನ ಪೆಂಡಾಲು, ಜಾತ್ರೆಯ ಅಂಗಡಿ ಸಾಲು, ಫ್ಲೆಕ್ಸ್ ಫಲಕ ಇವು ಇಂದಿದ್ದು ನಾಳೆ ಇಲ್ಲ. ಜನವರಿಯ ಗವಿಸಿದ್ಧೇಶ್ವರ ಜಾತ್ರೆಯಲ್ಲಿ ಲಕ್ಷಾಂತರ ಜನರ ನಡುವೆ ಸಾಗುವ ತೇರಿನ ಚಿತ್ರ ಎಷ್ಟು ಭವ್ಯವಾದರೂ ತೇರು ಚಲಿಸುವ ವಸ್ತು. ಊರುಗಳಲ್ಲಿ ಸ್ಥಿರವಾಗಿ ನಿಂತಿರುವ ತೇರಿನ ಮನೆಯನ್ನು ಪರಿಗಣಿಸಬಹುದು.

ಪೂಜಾಸ್ಥಳಗಳ ಪ್ರಶ್ನೆ

ಪೋಕೆಮಾನ್ ಗೋ ಆಟದಲ್ಲಿ ಪೂಜಾಸ್ಥಳಗಳಲ್ಲಿ ಮೊಟ್ಟೆಯ ಚಿತ್ರಗಳು ದೊರೆಯುವುದು ಹಿಂದೂ ಮತ್ತು ಜೈನರ ಭಾವನೆಗಳಿಗೆ ನೋವುಂಟುಮಾಡುತ್ತದೆಂದು ಸಲ್ಲಿಕೆಯಾದ ಅರ್ಜಿಯ ಮೇರೆಗೆ ಗುಜರಾತ್ ಹೈಕೋರ್ಟ್ 2016ರ ಸೆಪ್ಟೆಂಬರ್‌ನಲ್ಲಿ ನೋಟಿಸ್ ನೀಡಿತ್ತು. ಅದೇ ವರ್ಷ ಜಪಾನಿನ ಹಿರೋಶಿಮಾ ನಗರಾಡಳಿತದ ಕೋರಿಕೆಯಂತೆ, ಆಗಸ್ಟ್ 6ರ ಅಣುಬಾಂಬ್ ಸ್ಮರಣೆಗೆ ಮುನ್ನ ಅಲ್ಲಿನ ಶಾಂತಿ ಸ್ಮಾರಕ ಉದ್ಯಾನದ ತಾಣಗಳನ್ನು ತೆಗೆಯಲಾಯಿತು. ಗುಡಿ, ಮಸೀದಿ, ಬಸದಿಗಳು ನಿಯಮದಂತೆ ಅರ್ಹವೇ. ಆದರೂ ಚಿತ್ರ ಗರ್ಭಗುಡಿಯದ್ದೋ ಹೊರ ಆವರಣದ್ದೋ, ಚುಕ್ಕಿ ಜನ ನಿಲ್ಲಬಹುದಾದ ಕಡೆ ಇದೆಯೋ ಎಂಬುದನ್ನು ನೋಡುವುದು ವಿವೇಕ. ಜೈನರಿಗೆ ತೀರ್ಥಕ್ಷೇತ್ರವಾಗಿದ್ದ ಕೊಪಣದಂಥ ಸೀಮೆಯಲ್ಲಿ ಇದು ಇನ್ನೂ ಮುಖ್ಯ.

ಕನ್ನಡ ಬಲ್ಲವರ ಅಗತ್ಯ

ಚಿತ್ರದಲ್ಲಿ ಜನರ ಮುಖ, ವಾಹನದ ನೋಂದಣಿ ಸಂಖ್ಯೆ ಕಾಣಬಾರದು. ಅಂತರಜಾಲದಿಂದ ಎತ್ತಿದ ಚಿತ್ರ ಸಲ್ಲದು. ಇವನ್ನು ಯಾರು ಬೇಕಾದರೂ ಗುರುತಿಸಬಹುದು. ಆದರೆ ಫಲಕದ ಮೇಲೆ ‘ದ್ಯಾಮವ್ವನ ಗುಡಿ’ ಎಂದಿರುವಾಗ ಸಲಹೆಯಲ್ಲಿ ಬೇರೊಂದು ದೇವರ ಹೆಸರಿದ್ದರೆ ಅದನ್ನು ಕಾಣುವುದು ಕನ್ನಡ ಓದಬಲ್ಲ ಕಣ್ಣಿಗೆ ಮಾತ್ರ. ಹೆಸರು ಕನ್ನಡದಲ್ಲಿರುವುದು ದೋಷವಲ್ಲ. ಸಣ್ಣ ಕಾಗುಣಿತದ ತಪ್ಪಿಗೆ ತಾಣವನ್ನೇ ತಿರಸ್ಕರಿಸಬೇಕಾಗಿಲ್ಲ. ಅಂಗೀಕೃತವಾದ ಮೇಲೆ ತಿದ್ದುಪಡಿ ಸೂಚಿಸಲು ಅವಕಾಶವಿದೆ.

ಪಳಗುವ ಬಗೆ

* ದಿನಕ್ಕೆ ನೂರು ಸಲಹೆ ನೋಡುವ ಬದಲು, ತಿಳಿದ ಪ್ರದೇಶದ ಹತ್ತನ್ನು ಸಾವಧಾನವಾಗಿ ನೋಡುವುದು ಲೇಸು.
* ಖಚಿತವಿಲ್ಲದ ಪ್ರಶ್ನೆಗೆ ‘ಗೊತ್ತಿಲ್ಲ’ ಎನ್ನಬೇಕು. ಊಹೆಯ ಮೇಲೆ ಮತ ಹಾಕಬಾರದು.
* ತನ್ನ ಮನೆ ಹತ್ತಿರದ ಸಲಹೆಗೂ ದೂರದೂರಿನದಕ್ಕೂ ಒಂದೇ ಅಳತೆಗೋಲು ಬಳಸಬೇಕು.
* ಸ್ನೇಹಿತರೊಡನೆ ಮೊದಲೇ ಮಾತಾಡಿಕೊಂಡು ಮತ ಹಾಕುವುದು ಮೋಸವೆನಿಸುತ್ತದೆ.
* ನಿಯಮಗಳು ಕಾಲಕಾಲಕ್ಕೆ ಬದಲಾಗುವುದರಿಂದ ಅವನ್ನು ಆಗಾಗ ಮತ್ತೆ ಓದಬೇಕು.
* ಸಾಧ್ಯವಾದರೆ ತಾನೂ ಕೆಲವು ತಾಣಗಳನ್ನು ಕಳುಹಿಸಿ ನೋಡಬೇಕು. ಸಲಹೆ ತಿರಸ್ಕೃತವಾದವರ ಬೇಸರ ಆಗ ಅರ್ಥವಾಗುತ್ತದೆ.

ಪರಿಶೀಲಕರ ತೀರ್ಪು ಇತರರ ಒಟ್ಟು ತೀರ್ಪಿನೊಂದಿಗೆ ಎಷ್ಟು ಹೊಂದುತ್ತದೆ ಎಂಬುದನ್ನು ವ್ಯವಸ್ಥೆ ಅಂಕವಾಗಿ ತೋರಿಸುತ್ತದೆ. ಅಂಕ ಏರಿಸುವ ಆತುರದಲ್ಲಿ ‘ಇತರರು ಏನೆನ್ನುವರು’ ಎಂದು ಯೋಚಿಸಿ ಮತ ಹಾಕುವವರಿದ್ದಾರೆ. ಇತರರು ಗುರುತಿಸದ ವೀರಗಲ್ಲನ್ನು ಗುರುತಿಸಬಲ್ಲವನೇ ಇಲ್ಲಿ ಹೆಚ್ಚು ಬೇಕಾದವನು. ಕುಷ್ಟಗಿಯ ಆ ಯುವಕ ಇನ್ನಷ್ಟು ಸ್ಪಷ್ಟ ಚಿತ್ರದೊಂದಿಗೆ ಅದೇ ಕಲ್ಲನ್ನು ಮತ್ತೊಮ್ಮೆ ಕಳುಹಿಸಬಹುದು. ಅದಕ್ಕೆ ನಿಯಮದ ಅಡ್ಡಿಯಿಲ್ಲ. ಎರಡನೆಯ ಸಲವಾದರೂ ಅದು ಕಲ್ಲನ್ನು ಓದಬಲ್ಲವರ ಕಣ್ಣಿಗೆ ಬೀಳಬೇಕು.